ಹೊರಕ್ಕೆ ತಿರುಗಿದ ಕೊಂಬು

ಇಂತಾ ಊರಿನ ಕೈದಿಗಳ ಶಿಬಿರ,
1952 ಜನವರಿ 6

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಈ ಚಳಿಯಲ್ಲಿ ಬಾವಿಗೆ ನೀನೇ ಹೋಗುತ್ತೀಯೋ, ಪಕ್ಕದ ಮನೆಯವರು ತಂದುಕೊಡುತ್ತಾರೋ? ಬಿಳಿ ಮೇಕೆ ಇದೆಯಾ, ಅದನ್ನೂ ಸಾಮೂಹಿಕ ಬೇಸಾಯದವರು ಹೊಡೆದುಕೊಂಡು ಹೋದರಾ? ನಾನು ಬದುಕಿದ್ದೇನೆ. ಮೇಕೆಗಿಂತ ಮೊದಲು ಇದನ್ನು ಬರೆಯಬೇಕಿತ್ತು. ಕೆಲವು ಹಲ್ಲು ಉದುರಿವೆ, ಉಳಿದಂತೆ ನಿನ್ನ ಮೆಲಾನ್ಯಾ ಇಡಿಯಾಗಿದ್ದಾಳೆ. ಇವತ್ತು ನಮ್ಮ ಹಳೆಯ ಪಂಚಾಂಗದ ಕ್ರಿಸ್ಮಸ್ ಮುನ್ನಾದಿನ, ಸಂಜೆ ನೀನು ಮೇಜಿನ ಮೇಲೆ ಹುಲ್ಲು ಹರಡಿ, ಗೋಧಿ ಬೇಯಿಸಿ ಜೇನು ಬೆರೆಸಿ ಕುತ್ಯಾ ಮಾಡಿ, ಮೊದಲ ನಕ್ಷತ್ರಕ್ಕೆ ಕಾಯುತ್ತಿರುತ್ತೀಯ. ಇಲ್ಲಿ ಹಗಲೇ ಇಣುಕಿ ಓಡಿಹೋಗುವ ಕಾಲ, ನಕ್ಷತ್ರಕ್ಕೆ ಕಾಯುವ ಕಷ್ಟವಿಲ್ಲ. ನಾವು ಒಣ ರೊಟ್ಟಿಯನ್ನು ನೀರಲ್ಲಿ ನೆನೆಸಿ ಅದನ್ನೇ ಕುತ್ಯಾ ಎಂದು ಕರೆದು ತಿನ್ನುತ್ತೇವೆ.

ಈ ಪತ್ರ ತಂದವಳು ಪರಾಸ್ಕಾ, ನಮ್ಮ ಬೆಟ್ಟದಾಚೆಯ ಊರಿನವಳು. ಅವಳ ಶಿಕ್ಷೆ ಮುಗಿಯಿತು. ಅವಳ ಲಂಗ ಹಿಡಿದು ನಿಂತಿರುವ ಮಗು ಉಲ್ಯಾ. ನನ್ನ ಮಗಳು. ಬಾಗಿಲು ಹಾಕಬೇಡ ಅಮ್ಮಾ, ಪೂರ್ತಿ ಓದು. ಇಲ್ಲಿ ಹುಟ್ಟಿದ ಮಕ್ಕಳಿಗೆ ಎರಡು ವರ್ಷ ತುಂಬಿದರೆ ಎಲ್ಲೋ ದೂರದ ಅನಾಥಾಲಯಕ್ಕೆ ಸಾಗಿಸುತ್ತಾರೆ, ಹೆಸರನ್ನೂ ಬದಲಿಸುತ್ತಾರೆ. ಆಮೇಲೆ ತಾಯಿ ಬಿಡುಗಡೆಯಾಗಿ ಹುಡುಕಿದರೂ ಯಾರೆಂದು ಹುಡುಕಬೇಕು? ಉಲ್ಯಾಗೆ ಮಾರ್ಚಿಗೆ ಎರಡು ತುಂಬುತ್ತದೆ. ತಾಯಿ ಒಪ್ಪಿ, ರಕ್ತಸಂಬಂಧಿ ಬಂದರೆ ಮಾತ್ರ ಕೊಡುತ್ತಾರೆ. ಅದಕ್ಕೇ ಪರಾಸ್ಕಾಳನ್ನು ನಿನ್ನ ತಂಗಿ ಮಾಡಿದ್ದೇನೆ. ನಿನ್ನನ್ನು ಕೇಳದೆ ನಿನಗೊಬ್ಬ ತಂಗಿಯನ್ನು ಹುಟ್ಟಿಸಿದ್ದಕ್ಕೆ ಕ್ಷಮಿಸು. ನಾಳೆ ಗೇಟಿನಲ್ಲಿ ಮೇಲ್ವಿಚಾರಕಿ ನಮ್ಮಿಬ್ಬರನ್ನೂ ಇನ್ನೊಮ್ಮೆ ಪ್ರಶ್ನಿಸುತ್ತಾಳಂತೆ. ಮನೆಯ ಬಾಗಿಲು ಯಾವ ಕಡೆಗಿದೆ, ಒಲೆಯ ಯಾವ ಮೂಲೆ ಬಿರುಕು ಬಿಟ್ಟಿದೆ, ಅಪ್ಪನ ಗೋರಿಯ ಪಕ್ಕ ಯಾವ ಮರವಿದೆ, ಎಲ್ಲವನ್ನೂ ಪರಾಸ್ಕಾಳಿಗೆ ಬಾಯಿಪಾಠ ಮಾಡಿಸಿದ್ದೇನೆ. "ಸಾಕು ಮಾರಾಯ್ತಿ, ನನ್ ಮನೆ ಒಲೇನೇ ಮರ್ತೋಗ್ತಿದೆ" ಎಂದು ಬೈಯುತ್ತಾಳೆ. ಮಗು ಮಾತ್ರ ಅವಳನ್ನು ಅಜ್ಜಿ ಎಂದು ಒಪ್ಪಿಕೊಳ್ಳುತ್ತಿಲ್ಲ. ಗೇಟಿನಲ್ಲಿ ನನ್ನ ಕಡೆಗೆ ಕೈ ಚಾಚಿ ಅತ್ತುಬಿಟ್ಟರೆ ಏನು ಗತಿ?

ಮಗುವಿನ ಅಪ್ಪ ಯಾರು ಎಂದು ನೀನು ಕೇಳೇ ಕೇಳುತ್ತೀಯ. ಗಣಿಯಲ್ಲಿದ್ದ ಕೈದಿ, ಒಳ್ಳೆಯ ಮನುಷ್ಯ. ಮದುವೆ ಮಾಡಿಸುವ ಪಾದ್ರಿ ಇರಲಿಲ್ಲ. ಗಣಿ ಕುಸಿದು ಅವನೂ ಇಲ್ಲ. ಊರಿನವರು ಆಡಿಕೊಂಡರೆ ಆಡಿಕೊಳ್ಳಲಿ. ನನಗೆ ನಾಚಿಕೆಯಿಲ್ಲ ಅಮ್ಮಾ, ಭಯವಿದೆ ಅಷ್ಟೆ.

ಹಾಫಿಯಾಳ ವಿಷಯ ನಿನಗೆ ಹೇಳಲೇಬೇಕು. ಹದಿನೇಳರ ನನ್ನನ್ನು ಸಂತೆಯಿಂದ ಹಿಡಿದು ಜರ್ಮನಿಗೆ ಸಾಗಿಸಿದರಲ್ಲ, ಅಲ್ಲಿ ಗುಂಡಿನ ಕಾರ್ಖಾನೆಯ ಶಿಬಿರದಲ್ಲಿ ನಾನು ಮಲಗುವ ಹಲಗೆಯನ್ನು ಹಂಚಿಕೊಂಡವಳು ಅವಳು. ನನಗೆ ಜ್ವರ ಬಂದಾಗ ಎಬ್ಬಿಸಿ ನಿಲ್ಲಿಸಿ, ತನ್ನ ಬೆನ್ನಿಗೆ ಒರಗಿಸಿಕೊಂಡು ಹಾಜರಿ ಮುಗಿಸುತ್ತಿದ್ದಳು. ಬಿದ್ದವರನ್ನು ಅಲ್ಲಿ ಎಬ್ಬಿಸುತ್ತಿರಲಿಲ್ಲ. ಯುದ್ಧ ಮುಗಿದು ಇಬ್ಬರೂ ನಡೆದೇ ಮನೆಗೆ ಬಂದೆವು. ನೀನು ಮಾಡಿಕೊಟ್ಟ ಜೋಳದ ಗಂಜಿಯ ರುಚಿ ನಾಲಗೆಯಿಂದ ಹೋಗುವ ಮೊದಲೇ ನಮ್ಮದೇ ಸರ್ಕಾರದವರು ಬಂದು, ಜರ್ಮನ್ನರಿಗೆ ದುಡಿದವಳು ಎಂದು ಎಳೆದೊಯ್ದರು. ಇಲ್ಲಿ ನೋಡಿದರೆ ಅವಳೂ ಇದ್ದಾಳೆ! "ಅವ್ರು ಹೊಡ್ದಿದ್ದು ಕೆಲ್ಸ ಮಾಡ್ಲಿಲ್ಲ ಅಂತ, ಇವ್ರು ಹೊಡ್ಯೋದು ಕೆಲ್ಸ ಮಾಡಿದ್ವಿ ಅಂತ. ಇಬ್ರೂ ಕೂತು ಒಂದ್ ಮಾತಿಗೆ ಬರ್ಬಾರ್ದೇನೇ?" ಎಂದು ನಗಿಸಿದ್ದಳು. ಒಂದೇ ಬೇಸಿಗೆಯಲ್ಲಿ ಇಬ್ಬರೂ ಬಸುರಾದೆವು. ಅವಳೂ ಅವಳ ಮಗುವೂ ಹೆರಿಗೆಯಲ್ಲಿ ಹೋದರು. ಉಲ್ಯಾ ಉಳಿದಳು.

ಉಲ್ಯಾಗೆ ಸುತ್ತಿರುವುದು ಅವಳದೇ ದೀಕ್ಷಾಸ್ನಾನದ ಬಟ್ಟೆ. ಕರಗಿಸಿದ ಹಿಮದಲ್ಲಿ ಒಬ್ಬ ಕನ್ಯಾಸ್ತ್ರೀ ದೀಕ್ಷೆ ಕೊಟ್ಟಳು. ಸಾರಿನಲ್ಲಿ ಸಿಕ್ಕ ಮೀನಿನ ಮುಳ್ಳೇ ಸೂಜಿ, ಹರಿದ ಕೆಂಪು ಸ್ಕಾರ್ಫಿನ ಎಳೆಯೇ ದಾರ. ನಾನೇ ಕಸೂತಿ ಹಾಕಿದ್ದು. ಆ ಬಟ್ಟೆಯನ್ನು ದೀಕ್ಷೆಯಲ್ಲಿ ಮಗುವನ್ನು ಎತ್ತಿಕೊಳ್ಳುವ ಜ್ಞಾನತಾಯಿ ಹೊಲಿಯಬೇಕು, ಹೆತ್ತವಳು ಮುಟ್ಟಬಾರದು ಎಂದು ನೀನು ಗೊಣಗುತ್ತೀಯ, ಗೊತ್ತು. ನಮ್ಮೂರಿನ ಟಗರುಕೊಂಬಿನ ಚಿತ್ತಾರವನ್ನೇ ಹಾಕಿದ್ದೇನೆ, ಮೂಲೆಯ ಕೊಂಬು ಮಾತ್ರ ನನ್ನ ಚಿಕ್ಕಂದಿನ ತಪ್ಪಿನ ಹಾಗೆ ಹೊರಕ್ಕೆ ತಿರುಗಿದೆ. "ಇದೆಂಥಾ ಟಗರೇ, ಯಾರ್ ಹತ್ರ ಗುದ್ದಾಡ್ಕೊಂಡ್ ಬಂತು? ಬಿಚ್ಚು, ಬಿಚ್ಚು!" ಎಂದು ತಲೆಗೆ ಮೊಟಕುತ್ತಿದ್ದೆಯಲ್ಲ. ಆದರೆ ಒಗೆಯುವ ಅವಸರ ಬೇಡ. ಮೊದಲು ಮಗುವಿಗೆ ಹಾಲು ಕುಡಿಸು, ನಿನ್ನ ಹಾಸಿಗೆಯಲ್ಲಿ ಮಲಗಿಸಿ ಅದನ್ನೇ ಹೊದಿಸು. ಹೊಸ ಜಾಗದಲ್ಲಿ ಅದಿಲ್ಲದೆ ಅವಳಿಗೆ ನಿದ್ದೆ ಬರುವುದಿಲ್ಲ.

ನಿನ್ನ ಮಂಡಿಗೆ ಮಾತೆ ಮರಿಯಳು ಬಲ ಕೊಡಲಿ. ಕ್ರಿಸ್ತ ಹುಟ್ಟಿದ್ದಾನೆ ಅಮ್ಮಾ. "ಅವನನ್ನು ಸ್ತುತಿಸೋಣ" ಎಂದು ನೀನು ಕೊಡುವ ಹಬ್ಬದ ಉತ್ತರ ನನಗೆ ಇಲ್ಲಿಗೇ ಕೇಳಿಸುತ್ತದೆ.

ನಿನ್ನ ಮಗಳು,
ಮೆಲಾನ್ಯಾ

ಮರೆತ ಮಾತು: ಈ ಚೀಟಿ ನಿನಗೆ ಸಿಕ್ಕಿದೆಯೆಂದರೆ ಆ ಕೊಂಬನ್ನು ಬಿಚ್ಚಿದ್ದೀಯ. ನಿನ್ನಿಂದ ತಡೆಯಲಾಗುವುದಿಲ್ಲ ಎಂದೇ ಅದರಡಿಯ ಅಂಚಿನಲ್ಲಿ ಇದನ್ನು ಹೊಲಿದೆ. ಪತ್ರ ಸಿಕ್ಕಿಬಿದ್ದಿದ್ದರೆ ನನಗೆ ಕತ್ತಲೆಕೋಣೆ, ಆದರೂ ಕಾಗದದಲ್ಲಿ ತಾಯಿ ನಾನೇ, ಮಾರ್ಚಿನೊಳಗೆ ನಿನ್ನನ್ನೇ ಕರೆಸಬಹುದಿತ್ತು. ಇದು ಸಿಕ್ಕಿದ್ದರೆ ಮಗುವಿಗೆ ಅನಾಥಾಲಯ. ಅಮ್ಮಾ, ನಾನು ಶಾಸ್ತ್ರ ತಪ್ಪಲಿಲ್ಲ. ಈ ಬಟ್ಟೆಯನ್ನು ಜ್ಞಾನತಾಯಿಯೇ ಹೊಲಿದದ್ದು. ಉಲ್ಯಾ ಹಾಫಿಯಾಳ ಮಗಳು. ನಾನು ಹೆತ್ತದ್ದು ಅದೇ ವಾರ ತೀರಿಕೊಂಡಿತು. ಹೆಣ್ಣುಮಗು, ನಿನ್ನದೇ ಹಣೆ. ಹಾಫಿಯಾ ಅದಕ್ಕೆಂದು ಹೊಲಿದಿಟ್ಟ ಬಟ್ಟೆಯಲ್ಲೇ ಸುತ್ತಿ ಹಿಮದಡಿ ಮಲಗಿಸಿದೆ. ತಾಯಿಯಿಲ್ಲದ ಮಗುವನ್ನು ಯಾರಿಗೂ ಕೊಡುವುದಿಲ್ಲವಲ್ಲ, ಅದಕ್ಕೆ ವೈದ್ಯೆ ಸತ್ತ ಮಗುವನ್ನು ಹಾಫಿಯಾಳದೆಂದು, ಬದುಕಿದ್ದನ್ನು ನನ್ನದೆಂದು ಬರೆದಳು. ಉಲ್ಯಾ ಹಾಲು ನನ್ನದೇ ಕುಡಿದಳು. ಬೇಡವೆಂದರೆ ಪರಾಸ್ಕಾ ಕರೆದೊಯ್ಯುತ್ತಾಳೆ, ನಾನು ತಪ್ಪು ತಿಳಿಯುವುದಿಲ್ಲ. ಆದರೆ ಇಷ್ಟು ಹೊತ್ತಿಗೆ ಅವಳು ನಿನ್ನ ಹಾಸಿಗೆಯಲ್ಲಿ ಮಲಗಿ ಎದ್ದಾಗಿದೆ. ಎದ್ದವಳು ನಿನ್ನನ್ನು ಏನೆಂದು ಕರೆದಳು ಅಮ್ಮಾ?