ಟ್ಯಾಂಕಿನ ಹೊರಗಿದ್ದ ತಮ್ಮ

ಮಾರ್ಚ್ ೧೪. ಕುತ್ತಿಗೆ ಇನ್ನೂ ಉರಿಯುತ್ತಿದೆ.

ನಾನು ಟ್ಯಾಂಕಿನೊಳಗೆ ಕೂತು ವೆಲ್ಡಿಂಗ್ ಮಾಡುತ್ತಿದ್ದೆ, ತಮ್ಮ ಹೊರಗೆ ಮೆಷಿನ್ ಹತ್ತಿರ ನಿಂತಿದ್ದ. "ಕರೆಂಟ್ ಕಮ್ಮಿ ಮಾಡೋ, ಕತ್ತೆ!" ಎಂದು ಕೂಗಿದೆ. ಬೇಕೆಂದೇ ಜಾಸ್ತಿ ಮಾಡಿದ. ತಲೆಯ ಮೇಲಿನ ತಗಡು ತೂತಾಗಿ, ಕರಗಿದ ಕಬ್ಬಿಣ ಕಾಲರಿನೊಳಗೆ ಇಳಿಯಿತು. ಹೊರಬಂದವನೇ ಹಲ್ಲುದುರುವಂತೆ ಬಾರಿಸಿದೆ. ಅವನು ಹೊಟ್ಟೆಗೆ ಒದ್ದ. ನಾನು ಸುತ್ತಿಗೆ ಎತ್ತಿದೆ.

ಅವನು ರಕ್ತ ಉಗಿದು ಹೇಳಿದ: "ಹೊಡಿ! ಒಳಗಿಂದ್ಲೇ ಕರೆಂಟ್ ಕಮ್ಮಿ ಜಾಸ್ತಿ ಮಾಡೋ ರಿಮೋಟ್ ಮೆಷಿನ್ ಅಂಗಡಿಯವನು ತೋರಿಸ್ದಾಗ ಏನಂದೆ ಅಣ್ಣ? 'ಅದೆಲ್ಲ ಯಾಕೆ, ತಮ್ಮ ಇದಾನಲ್ಲ' ಅಂದೆ. ನಾನು ಪಕ್ಕದಲ್ಲೇ ನಿಂತಿದ್ದೆ."

ಸುತ್ತಿಗೆ ಕೆಳಗಿಟ್ಟೆ. ನಾಳೆ ಆ ಹಾಳಾದ ರಿಮೋಟ್ ತರುತ್ತೇನೆ, ಉದ್ದ ವೈರಿನದು. ಅದು ತಿರುಗಿ ಒದೆಯುವುದಿಲ್ಲ. ಒಳಗೆ ನಾನು ಬಿದ್ದರೆ ಎಳೆದು ಹೊರಗೆ ಹಾಕುವುದೂ ಇಲ್ಲ.