ಊರಿಗೆಲ್ಲ ಹಸಿರು ರಿಬ್ಬನ್

ಏಪ್ರಿಲ್ 10, 1841

ಬೆಳಗಿನಿಂದ ಮಗ್ಗದಲ್ಲೇ. ಹಾಸಿನ ನೂಲು ಹರಿಯುತ್ತಲೇ ಇದೆ. ರೂತ್ ಕಾಲ ಬಳಿ ಕೂತು ಓಟ್ಸ್ ರೊಟ್ಟಿ ಚೀಪುತ್ತಾಳೆ. ಎನೋಕನನ್ನು ಹಿಡಿದೊಯ್ದಾಗ ಇವಳಿನ್ನೂ ಹೊಟ್ಟೆಯಲ್ಲಿದ್ದಳು. ದುಡಿಯುವವನಿಗೂ ಓಟು ಬೇಕು ಎಂದು ಬಯಲಲ್ಲಿ ನಿಂತು ಕೂಗಿದ್ದಕ್ಕೆ ಜೈಲು. ಅವನ ಭಾಷಣ ಊರಿಗೆಲ್ಲ ಬಾಯಿಪಾಠ. ನನಗೆ ಗಂಡನ ದನಿಯೇ ಮರೆತುಹೋಗುತ್ತಿದೆ.

ಏಪ್ರಿಲ್ 13

ಓಟಿಗಾಗಿ ಹೋರಾಡುವ ಸಂಘದ ಕಾರ್ಯದರ್ಶಿ ಬಾರ್ನಬಿ ಬಂದಿದ್ದ. ಶನಿವಾರ ಎನೋಕನ ಬಿಡುಗಡೆಯಂತೆ! ವಾದ್ಯ, ಬಾವುಟ, ಸಾರೋಟು... ಎಲ್ಲ ಸಿದ್ಧ.

"ಮಗೂಗೆ ನಮ್ ಸಂಘದ ಹಸಿರು ರಿಬ್ಬನ್ ಕಟ್ಟಿ ಸೇತುವೆ ಹತ್ರ ನಿಂತ್ಕೊಳಮ್ಮ. ನಾನೇ ಎತ್ತಿ ಅವನ ಕೈಗೆ ಕೊಡ್ತೀನಿ. ಜನ ಅತ್ತುಬಿಡ್ಬೇಕು."

"ಜನ ಯಾಕಪ್ಪಾ ಅಳ್ಬೇಕು? ಅಳೋಕೆ ನಾನಿಲ್ವಾ?"

ನಗುತ್ತ ಹೋದ. ರಿಬ್ಬನ್ ಕಟ್ಟಿ ನೋಡಿದೆ. ಥೇಟ್ ಅಪ್ಪನ ಹುಬ್ಬು. ನೋಡಿದ ತಕ್ಷಣ ಗುರುತು ಹಿಡಿಯುತ್ತಾನೆ.

ಏಪ್ರಿಲ್ 17, ಸಂಜೆ

ನೇಯ್ದ ಬಟ್ಟೆ ಸಾಹುಕಾರನಿಗೆ ಒಪ್ಪಿಸಲೇಬೇಕಿತ್ತು. ಅಲ್ಲಿ ಕಾಯಿಸಿದ, ಹಾಳಾದವನು. ಓಡಿ ಬಂದರೆ ಸೇತುವೆ ತುಂಬ ಜನ. ಕುದುರೆ ಬಿಚ್ಚಿ ಸಾರೋಟನ್ನು ತಾವೇ ಎಳೆಯುತ್ತಿದ್ದಾರೆ.

"ದಾರಿ ಬಿಡಿ, ನಾನು ಅವನ ಹೆಂಡ್ತಿ!"

"ಹೂಂ ಕಣಮ್ಮ, ಇವತ್ತು ಊರಿಗೂರೇ ಅವನ ಹೆಂಡ್ತಿ!"

ಊರಿನ ಕೂಸುಗಳಿಗೆಲ್ಲ ಹಸಿರು ರಿಬ್ಬನ್. ಬಾರ್ನಬಿ ಅವಸರಕ್ಕೆ ಪಕ್ಕದ ಮನೆ ಟ್ಯಾಬಿತಾಳ ಮಗುವನ್ನೇ ಎತ್ತಿ ಕೊಟ್ಟ. ಗಂಡುಮಗು... ಆದರೆ ಫ್ರಾಕು ಎಲ್ಲ ಕೂಸುಗಳದೂ ಒಂದೇ. ಎನೋಕ್ ಅದನ್ನು ಎದೆಗೊತ್ತಿಕೊಂಡು, "ನನ್ನ ಮಗಳೇ!" ಎಂದು ಬಿಕ್ಕಿದ. ಊರೇ ಅತ್ತಿತು. ಟ್ಯಾಬಿತಾ ಕೂಗಿದ್ದು ಡೋಲಿನ ಸದ್ದಿಗೆ ಯಾರಿಗೂ ಕೇಳಲಿಲ್ಲ. ನಾನು ಹಿಂದೆ, ರೂತಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದೆ.

ಬಾರ್ನಬಿಯನ್ನು ಹಿಡಿದು ಕೇಳಿದೆ.

"ಯಾರ ಮಗು ಆದ್ರೇನಮ್ಮ, ಎಲ್ಲಾ ನಮ್ ಮಕ್ಕಳೇ. ಈಗ ಅವನಿಗೆ ಹೇಳ್ಬೇಡ, ಮನಸ್ಸು ಕೆಡ್ಸಬೇಡ."

ಎನೋಕ್ ಔತಣಕ್ಕೆ ಹೋಗಿದ್ದಾನೆ. ಇಷ್ಟು ಗದ್ದಲದ ದಿನವೂ ಮನೆಯಲ್ಲಿ ನಾವಿಬ್ಬರೇ.

ಏಪ್ರಿಲ್ 18

ಎದ್ದಾಗ ಪಕ್ಕದಲ್ಲಿದ್ದ. ಬಡಕಲಾಗಿದ್ದಾನೆ, ಕೆಮ್ಮು ಬೇರೆ. ರೂತಳತ್ತ ಕೈಚಾಚಿದ. ಅವಳು ಕಿಟಾರನೆ ಕಿರುಚಿದಳು.

"ನಿನ್ನೆ ನಗ್ತಿದ್ಲಲ್ಲೇ! ಒಂದೇ ದಿನಕ್ಕೆ ಮರೆತ್ಲಾ?"

ತಡೆಯಲಾಗಲಿಲ್ಲ. "ನಿನ್ನೆ ನೀನೆತ್ಕೊಂಡಿದ್ದು ಟ್ಯಾಬಿತಾ ಮಗನ್ನ. ಇವಳು ನಿನ್ನನ್ನ ಈಗಲೇ ನೋಡ್ತಿರೋದು."

ಮುಖ ಇಳಿದುಹೋಯಿತು. ಅಷ್ಟರಲ್ಲಿ ಬಾಗಿಲು ಬಡಿತ, ಸಂಘದವರು — ಇವತ್ತೇ ಹ್ಯಾಲಿಫ್ಯಾಕ್ಸ್ ಪಟ್ಟಣದಲ್ಲಿ ಅವನ ಭಾಷಣದ ಸಭೆಯಂತೆ, ಆಮೇಲೆ ಬೇಸಿಗೆಯಿಡೀ ಊರೂರು ಸುತ್ತಾಟ.

"ಬರಲ್ಲ ಅಂತ ಹೇಳಿಬರ್ತೀನಿ. ಇವಳಿಗೆ ನನ್ನ ಗುರುತಾಗೋವರೆಗೂ ಎಲ್ಲಿಗೂ ಹೋಗಲ್ಲ."

ಟೋಪಿಯನ್ನು ಇಲ್ಲೇ ಬಿಟ್ಟು ಹೊರಗೆ ಹೋದ. ಅದನ್ನೇ ನೋಡುತ್ತ, ಕೈ ಸುಮ್ಮನಿರದೆ ಬರೆಯುತ್ತಿದ್ದೇನೆ. ಹೊರಗೆ ಅವನ ದನಿ. ಮೊದಲು ಮೆಲ್ಲಗೆ... ಈಗ ಏರುತ್ತಿದೆ. ಭಾಷಣದ ದನಿ.

ಜಯಕಾರ. ಒಂದು, ಎರಡು, ಮೂರು.

ಯಾರೋ ಹುಡುಗಿ ಬಂದು ಟೋಪಿ ಕೇಳಿದಳು. ಕೊಟ್ಟೆ.

ರೂತ್ ಆ ಕೂಗಿಗೆ ಖುಷಿಯಾಗಿ ಚಪ್ಪಾಳೆ ತಟ್ಟುತ್ತಿದ್ದಾಳೆ. ಬೇಡ ಕಣೇ, ಕಂದಾ. ಅವರು ಕರ್ಕೊಂಡು ಹೋಗ್ತಿರೋದು ನಿನ್ನ ಅಪ್ಪನ್ನ.