ವೈರಸ್ ಬರೆದೆ ಎಂದವರಿಗೆ

ಮಾರ್ಚ್ ೧೪

ನಮ್ಮ ಮಗಳ ಅಪ್ಪನವರಿಗೆ,

ಮನೆ ಬಿಟ್ಟು ಬಂದ ಈ ಒಂಬತ್ತು ವರ್ಷದಲ್ಲಿ ನಿಮಗೆ ಒಂದು ಸಾಲೂ ಬರೆದವಳಲ್ಲ. ಇವತ್ತು ಬರೆಯುತ್ತಿರುವುದು ಭಾನುವಾರದ ಪತ್ರಿಕೆಯಲ್ಲಿ ಬಂದ ನಿಮ್ಮ ಸಂದರ್ಶನ ಓದಿ. ಮಗಳು ಕತ್ತರಿಸಿ ಕಳಿಸಿದ್ದಳು. ಮೂವತ್ತು ವರ್ಷದ ಹಿಂದೆ ಕಂಪ್ಯೂಟರುಗಳನ್ನು ಕಾಡಿದ ಆ ವೈರಸ್ ಬರೆದವರು ಯಾರೆಂದು ಇವತ್ತಿಗೂ ಪತ್ತೆಯಿಲ್ಲವಂತೆ. ನಾನೇ ಎಂದು ನೀವು ಎದೆ ತಟ್ಟಿಕೊಂಡಿದ್ದೀರಿ. ಫೋಟೋದಲ್ಲಿ ಗಲ್ಲಕ್ಕೆ ಕೈ ಬೇರೆ ಕೊಟ್ಟಿದ್ದೀರಿ.

ಮೈ ಉರಿಯಿತು. ಪ್ರಿಂಟರಿಗೆ ರಿಬ್ಬನ್ ಹಾಕಲೂ ನನ್ನನ್ನೇ ಕೂಗುತ್ತಿದ್ದವರು ನೀವು! ನಾವಿಬ್ಬರೂ ಕೆಲಸಕ್ಕಿದ್ದ ಗ್ರಂಥಾಲಯದ ಮೂವತ್ತು ಸಾವಿರ ಪುಸ್ತಕಗಳ ಪಟ್ಟಿಯನ್ನು ಎರಡು ವರ್ಷ ಕೂತು ಟೈಪ್ ಮಾಡಿದವಳು ನಾನು. ಮುಗಿದ ತಿಂಗಳೇ, ಇನ್ನು ಇವು ಯಾತಕ್ಕೆ ಎಂದು ಪುಸ್ತಕಗಳ ವಿವರವಿದ್ದ ಹಳೆಯ ಕಾರ್ಡುಗಳನ್ನೆಲ್ಲ ರದ್ದಿಗೆ ಹಾಕಿಸಿದವರು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾದ ತಾವು. ಆಮೇಲೆ ವೈರಸ್ ಬಂದು ಪಟ್ಟಿಯನ್ನು ನುಂಗಿ ನೀರು ಕುಡಿಯಿತು.

ವಿಚಾರಣೆಯ ದಿನ ಗ್ರಂಥಪಾಲಕರ ಮುಂದೆ, ನಂಗೇನೂ ಗೊತ್ತಿಲ್ಲ ಸಾರ್, ಇವಳೇ ಹೊರಗಿಂದ ಫ್ಲಾಪಿ ತಂದಿರ್ಬೇಕು ಅಂದುಬಿಟ್ಟಿರಿ. ನಾನು, ನಿಮ್ಮ ಹೆಂಡತಿ, ಪಕ್ಕದಲ್ಲೇ ಕೂತಿದ್ದೆ. ಕೆಲಸ ಹೋಯಿತು. ಬೇರೆ ಯಾವ ಕಚೇರಿಯವರೂ ನನ್ನನ್ನು ಕೀಲಿಮಣೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮನೆಗೆ ಯಾರೇ ಬರಲಿ, ನಮ್ಮನೆ ವೈರಸ್ಸು ಇವ್ಳೇ ಎಂದು ನಗುತ್ತಿದ್ದಿರಿ. ಆ ನಗುವನ್ನು ನಾನು ಇನ್ನೂ ಕ್ಷಮಿಸಿಲ್ಲ.

ಸಂದರ್ಶನ ಓದಿದ ಮಗಳು ಫೋನ್ ಮಾಡಿ, ಅಮ್ಮಾ, ಹಾಗಾದ್ರೆ ನಿನ್ ತಪ್ಪಲ್ವಾ ಎಂದು ಅತ್ತಳು. ಇಷ್ಟು ವರ್ಷ ಅವಳೂ ನಿಮ್ಮ ಮಾತನ್ನೇ ನಂಬಿದ್ದಳು ಎಂದು ನನಗೆ ಗೊತ್ತಾಗಿದ್ದು ಆಗ.

ಮೊನ್ನೆ, ಕಂಪ್ಯೂಟರುಗಳ ಚರಿತ್ರೆ ಬರೆಯುತ್ತಿರುವ ಹುಡುಗಿಯೊಬ್ಬಳು ಹುಡುಕಿಕೊಂಡು ಬಂದಿದ್ದಳು. ಯಜಮಾನ್ರು ಹೇಳಿದ್ದು ನಿಜಾನಾ ಅಮ್ಮಾ, ನೀವು ಹೌದಂದ್ರೆ ಪುಸ್ತಕಕ್ಕೆ ಹಾಕ್ತೀನಿ ಅಂದಳು. ನಿಮ್ಮ ಬಂಡವಾಳ ಬಯಲು ಮಾಡಲು ಒಂದು ಮಾತು ಸಾಕಿತ್ತು. ಆದರೆ ನೀವಲ್ಲವೆಂದರೆ ಮಗಳ ಕಣ್ಣಲ್ಲಿ ಮತ್ತೆ ನಾನೇ ತಪ್ಪಿತಸ್ಥೆ. ಹೌದು, ಅವರೇ ಬರೆದಿದ್ದು, ಕಣ್ಣಾರೆ ಕಂಡಿದ್ದೇನೆ ಎಂದು ಬರೆದು ಸಹಿ ಹಾಕಿಕೊಟ್ಟೆ. ಇನ್ನು ನೀವು ಮಾತು ಬದಲಿಸಬೇಡಿ.

ಇತಿ,
ಒಂದು ಕಾಲದ ನಿಮ್ಮ ಟೈಪಿಸ್ಟ್

ತಾ.ಕ.: ಪಟ್ಟಿ ಅಳಿಸಿಹೋಗುವ ಹಿಂದಿನ ವಾರ, ಅಣ್ಣನ ಅಂಗಡಿಯಿಂದ ಆಟದ ಫ್ಲಾಪಿಯೊಂದನ್ನು ಕೈಚೀಲದಲ್ಲಿ ತಂದು ಊಟದ ಬಿಡುವಿನಲ್ಲಿ ಆಡಿದ್ದೆ. ಅಣ್ಣನಿಗೆ ಅದು ಯಾರಿಂದ ಬಂತೋ, ಅವರಿಗೆ ಇನ್ಯಾರಿಂದಲೋ. ವೈರಸ್ ಅದರಲ್ಲೇ ಇತ್ತೋ ಏನೋ, ಪಟ್ಟಿ ಹೋದ ದಿನವೇ ಹೆದರಿ ಆ ಫ್ಲಾಪಿಯನ್ನು ಕತ್ತರಿಸಿ ಎಸೆದೆ. ನೀವು ಅವತ್ತು ಊಹೆಯ ಮೇಲೆ ಅಂದಿದ್ದು ನಿಜವೇ ಇರಬಹುದು. ಈಗ ಮಗಳಿಗೆ ಹೇಳಿ ನೋಡೋಣ.